ಮೂರು ದೇಶ, ಒಂದೇ ಸುತ್ತು: ‘ಪೀಕ್ಸ್ ಆಫ್ ದಿ ಬಾಲ್ಕನ್ಸ್’ ನಡೆದು ಮುಗಿಸುವುದು ಹೇಗೆ

ಯುರೋಪಿನಲ್ಲಿ ಟ್ರೆಕ್ ಅಂದ ಕೂಡಲೇ ನಮ್ಮವರು ಸೀದಾ ಸ್ವಿಟ್ಜರ್ಲೆಂಡ್ ಹುಡುಕುತ್ತಾರೆ, ಅಲ್ಲಿನ ರೂಮ್ ಬಾಡಿಗೆ ನೋಡಿ ಸುಮ್ಮನಾಗುತ್ತಾರೆ. ಅದಕ್ಕಿಂತ ಎಷ್ಟೋ ಕಡಿಮೆ ದುಡ್ಡಿನಲ್ಲಿ ಅಲ್ಬೇನಿಯಾ, ಕೊಸೊವೊ, ಮಾಂಟೆನೆಗ್ರೊ ಮೂರೂ ದೇಶಗಳ ಬೆಟ್ಟ ಸುತ್ತಿ ಬರಬಹುದು, ಅದೂ ನಡೆದುಕೊಂಡೇ. ಈ ದಾರಿಗೆ ‘ಪೀಕ್ಸ್ ಆಫ್ ದಿ ಬಾಲ್ಕನ್ಸ್’ ಅಂತ ಹೆಸರು. ಒಟ್ಟು 192 ಕಿ.ಮೀ. ಶುರು ಮಾಡಿದ ಊರಿಗೇ ವಾಪಸ್ ಬಂದು ಮುಗಿಯುವ ಸುತ್ತು. ಸಾಮಾನ್ಯವಾಗಿ 10 ದಿನದ ನಡಿಗೆ ಅಂತ ಲೆಕ್ಕ. ಹೋಗಿ ಬರುವುದು, ಮಳೆ, ವಿಶ್ರಾಂತಿ ಎಲ್ಲ ಸೇರಿಸಿ ಎರಡು ವಾರ ರಜೆ ಹಾಕಿ.

ಬೆಟ್ಟಸಾಲಿನ ಹೆಸರು ನಕ್ಷೆಯಲ್ಲಿ ಪ್ರೊಕ್ಲೆಟಿಯೆ, ಅಂದರೆ ಶಾಪಗ್ರಸ್ತ ಬೆಟ್ಟಗಳು. ಹೆಸರು ಕೇಳಿ ಹೆದರಬೇಡಿ. ಇಲ್ಲಿನ ಅತಿ ಎತ್ತರದ ಶಿಖರ ಯೆಜೆರ್ತ್ಸಾ 2,694 ಮೀಟರ್, ಆದರೆ ನಮ್ಮ ದಾರಿ ಅದರ ನೆತ್ತಿಗೆ ಹೋಗುವುದಿಲ್ಲ, ಹೆಚ್ಚೆಂದರೆ 2,300 ಮೀಟರ್ ಆಸುಪಾಸಿಗೆ ಏರುತ್ತದೆ. ಹಗ್ಗ ಬೇಡ, ಟೆಂಟ್ ಬೇಡ, ಎತ್ತರಕ್ಕೆ ಉಸಿರು ಕಟ್ಟುವ ತೊಂದರೆಯೂ ಇಲ್ಲ. ರಾತ್ರಿ ಹಳ್ಳಿ ಮನೆಗಳಲ್ಲೇ ಊಟ, ನಿದ್ದೆ.

ನನ್ನ ಪ್ರಕಾರ ಇಲ್ಲಿ ಕಾಲಿಗಿಂತ ಕಾಗದವೇ ಜಾಸ್ತಿ ಕಷ್ಟ ಕೊಡುತ್ತದೆ, ಅದರಲ್ಲೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ. ಅದಕ್ಕೇ ಈ ಬರಹದಲ್ಲಿ ವೀಸಾ, ಪರ್ಮಿಟ್ ಮೊದಲು. ಬೆಟ್ಟ ಆಮೇಲೆ.

ಹೆಜ್ಜೆ 1: ವೀಸಾ ಲೆಕ್ಕ

ಮೂರೂ ದೇಶಗಳು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿಲ್ಲ. ಆದರೆ ಮೂರೂ ಷೆಂಗೆನ್ ವೀಸಾಗೆ ಬೆಲೆ ಕೊಡುತ್ತವೆ. ಎಲ್ಲರೂ ಗೊಂದಲ ಮಾಡಿಕೊಳ್ಳುವ ಜಾಗ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಅಲ್ಬೇನಿಯಾಗೆ: ಷೆಂಗೆನ್, ಅಮೆರಿಕ ಅಥವಾ ಬ್ರಿಟನ್‌ನ ಮಲ್ಟಿಪಲ್ ಎಂಟ್ರಿ ವೀಸಾ ಇದ್ದು, ಅದನ್ನು ಈಗಾಗಲೇ ಒಮ್ಮೆಯಾದರೂ ಬಳಸಿದ್ದರೆ ಬೇರೆ ವೀಸಾ ಬೇಡ. ಇಲ್ಲದಿದ್ದರೆ ಅಲ್ಬೇನಿಯಾದ ಇ-ವೀಸಾಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಮಾಂಟೆನೆಗ್ರೊಗೆ: ಷೆಂಗೆನ್, ಅಮೆರಿಕ ಅಥವಾ ಬ್ರಿಟನ್ ವೀಸಾ ಚಾಲ್ತಿಯಲ್ಲಿದ್ದರೆ 30 ದಿನದವರೆಗೆ ಇರಬಹುದು. ಕೊಸೊವೊಗೆ: ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ ಅಥವಾ ಷೆಂಗೆನ್ ದೇಶದ ರೆಸಿಡೆನ್ಸ್ ಪರ್ಮಿಟ್ ಇದ್ದರೆ 15 ದಿನ. ಕೊಸೊವೊ 2008ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿತು, ಭಾರತ ಇನ್ನೂ ಅದನ್ನು ದೇಶ ಅಂತ ಒಪ್ಪಿಕೊಂಡಿಲ್ಲ. ಹಾಗಾಗಿ ಅಲ್ಲಿ ಪಾಸ್‌ಪೋರ್ಟ್ ಕಳೆದುಹೋದರೆ ನೆರವಿಗೆ ಓಡಲು ನಮ್ಮ ರಾಯಭಾರ ಕಚೇರಿಯೂ ಇಲ್ಲ. ಪಾಸ್‌ಪೋರ್ಟ್ ಜೋಪಾನ.

ಒಟ್ಟಿನಲ್ಲಿ ಮೂರಕ್ಕೂ ಆಗಿಬರುವುದು ಒಂದೇ: ಒಮ್ಮೆ ಬಳಸಿದ, ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ. ಸಿಂಗಲ್ ಎಂಟ್ರಿ ಇಟ್ಟುಕೊಂಡು ಇಟಲಿಗೆ ಹೋಗಿ ಅಲ್ಲಿಂದ ಅಲ್ಬೇನಿಯಾದ ರಾಜಧಾನಿ ತಿರಾನಾಗೆ ಹಾರಿದರೆ, ಷೆಂಗೆನ್ ಬಿಟ್ಟ ಗಳಿಗೆಗೇ ಆ ವೀಸಾ ಖರ್ಚಾಗಿರುತ್ತದೆ. ಆಮೇಲೆ ವಾಪಸ್ ಇಟಲಿಗೂ ಹೋಗಲಾಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ಒಂದು ಅನುಕೂಲ ಆಗಿದೆ. ಹಿಂದಿನ ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಕೊಡುವ ಪದ್ಧತಿ ಬಂದಿದೆ. ಆಫೀಸ್ ಕೆಲಸಕ್ಕೆ ಯುರೋಪಿಗೆ ಹೋಗಿ ಬಂದವರು ತಮ್ಮ ಹಳೇ ಪಾಸ್‌ಪೋರ್ಟ್ ಒಮ್ಮೆ ತೆಗೆದು ನೋಡಿ. ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ಕೆಲಸ ಮಾಡುತ್ತಾ ರೆಸಿಡೆನ್ಸ್ ಪರ್ಮಿಟ್ ಇಟ್ಟುಕೊಂಡಿರುವ ಕನ್ನಡಿಗರಂತೂ ಪುಣ್ಯವಂತರು, ಈ ತಲೆಬಿಸಿಯ ಮುಕ್ಕಾಲು ಪಾಲು ಅವರಿಗಿಲ್ಲ.

ಇಂಥ ನಿಯಮಗಳು ಹೇಳದೆ ಕೇಳದೆ ಬದಲಾಗುತ್ತವೆ. ಟಿಕೆಟ್ ಬುಕ್ ಮಾಡುವ ವಾರ ಮೂರೂ ದೇಶಗಳ ವಿದೇಶಾಂಗ ಸಚಿವಾಲಯದ ಪುಟ ತೆರೆದು ನೋಡಿ. ನನ್ನ ಮಾತನ್ನಾಗಲಿ, ಬೇರೆ ಯಾರ ವಿಡಿಯೋವನ್ನಾಗಲಿ ನಂಬಿ ದುಡ್ಡು ಕಟ್ಟಬೇಡಿ.

ಹೆಜ್ಜೆ 2: ಗಡಿ ದಾಟುವ ಪರ್ಮಿಟ್

ಈ ದಾರಿ ಮೂರು ಕಡೆ ದೇಶದ ಗಡಿ ದಾಟುತ್ತದೆ. ದೊಬರ್‌ದೋಲ್ ಬಿಟ್ಟ ಮೇಲೆ ಅಲ್ಬೇನಿಯಾದಿಂದ ಕೊಸೊವೊಗೆ, ಕುಚಿಶ್ತ ಕೆರೆಗಳ ಮೇಲೆ ಕೊಸೊವೊದಿಂದ ಮಾಂಟೆನೆಗ್ರೊಗೆ, ವುಸಾನ್ಯೆ ಬಿಟ್ಟ ಮೇಲೆ ಮಾಂಟೆನೆಗ್ರೊದಿಂದ ಮತ್ತೆ ಅಲ್ಬೇನಿಯಾಗೆ. ಮೂರೂ ಕಡೆ ಚೆಕ್‌ಪೋಸ್ಟ್ ಇಲ್ಲ, ಸೀಲು ಹೊಡೆಯುವವರಿಲ್ಲ. ಹುಲ್ಲುಗಾವಲಿನಲ್ಲಿ ಒಂದು ಗಡಿಕಲ್ಲು ಇರುತ್ತದೆ, ಅಷ್ಟೇ. ಅದನ್ನು ಕಾನೂನು ಪ್ರಕಾರ ದಾಟುವುದಕ್ಕೆ ಮುಂಚೆಯೇ ಪರ್ಮಿಟ್ ಮಾಡಿಸಬೇಕು.

ಅರ್ಜಿಯನ್ನು ನೀವೇ ಹಾಕಬಹುದು, ಆದರೆ ಮೂರು ದೇಶದ ಪೊಲೀಸರಿಗೆ ಮೂರು ಇಮೇಲ್ ಬರೆದು ಉತ್ತರ ಕಾಯುವುದಕ್ಕಿಂತ ಅಲ್ಬೇನಿಯಾದ ಶ್ಕೋಡರ್, ಕೊಸೊವೊದ ಪೇಯಾ ಅಥವಾ ಮಾಂಟೆನೆಗ್ರೊದ ಪ್ಲಾವ್‌ನ ಯಾವುದಾದರೂ ಸ್ಥಳೀಯ ಟ್ರೆಕ್ಕಿಂಗ್ ಏಜೆನ್ಸಿಗೆ ಶುಲ್ಕ ಕೊಟ್ಟು ಮಾಡಿಸುವುದು ವಾಸಿ. ಅವರಿಗೆ ಪಾಸ್‌ಪೋರ್ಟ್ ಪ್ರತಿ, ಯಾವ ದಿನ ಯಾವ ಜಾಗದಲ್ಲಿ ಗಡಿ ದಾಟುತ್ತೀರಿ ಅನ್ನುವ ವಿವರ ಬೇಕು. ಒಂದು ತಿಂಗಳು ಮುಂಚೆ ಕಳುಹಿಸಿ. ಬಂದ ಪರ್ಮಿಟ್ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಫೋನಿನ ಬ್ಯಾಟರಿ ಸತ್ತಾಗ ಪಿಡಿಎಫ್ ಯಾರಿಗೆ ತೋರಿಸುತ್ತೀರಿ?

ಈಗ ಒಂದು ಮುಖ್ಯ ವಿಷಯ. ತಿರಾನಾ ವಿಮಾನ ನಿಲ್ದಾಣದಲ್ಲಿ ಒಳಗೆ ಬಂದಿರಿ, ಅಲ್ಬೇನಿಯಾ ಸೀಲು ಬಿತ್ತು. ಬೆಟ್ಟದಲ್ಲಿ ಎರಡು ದೇಶ ಹೊಕ್ಕು ಹೊರಟು ಬಂದಿರಿ, ಯಾವ ಸೀಲೂ ಇಲ್ಲ. ಮತ್ತೆ ತಿರಾನಾದಿಂದಲೇ ಹಾರಿದರೆ ಪಾಸ್‌ಪೋರ್ಟ್ ಪ್ರಕಾರ ನೀವು ಅಲ್ಬೇನಿಯಾ ಬಿಟ್ಟೇ ಇಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ. ಅದೇ ತಿರಾನಾದಲ್ಲಿ ಬಂದು ಪ್ರಿಷ್ಟಿನಾದಿಂದ ಹಾರಲು ಹೋದರೆ, ‘ಕೊಸೊವೊಗೆ ಯಾವಾಗ ಬಂದಿರಿ, ಎಲ್ಲಿಂದ ಬಂದಿರಿ’ ಅಂತ ಶುರುವಾಗುತ್ತದೆ, ಆಗ ಕೈಯಲ್ಲಿ ಪರ್ಮಿಟ್ ಇಲ್ಲದಿದ್ದರೆ ಫಜೀತಿ. ಅದಕ್ಕೇ ಯಾವ ದೇಶದಿಂದ ಒಳಗೆ ಬಂದಿರೋ ಅಲ್ಲಿಂದಲೇ ಹೊರಗೆ ಹೋಗಿ. ಹಾಗಂತ ಸೀಲು ಬೀಳುವುದಿಲ್ಲ ಅನ್ನುವ ಧೈರ್ಯದಲ್ಲಿ ವೀಸಾ ಅರ್ಹತೆ ಇಲ್ಲದ ದೇಶಕ್ಕೆ ಕಾಲಿಡಬೇಡಿ. ಗಡಿ ಪೊಲೀಸರು ಬೆಟ್ಟದಲ್ಲೂ ಗಸ್ತು ತಿರುಗುತ್ತಾರೆ.

ಸರ್ಬಿಯಾವನ್ನೂ ಇದೇ ಪ್ರವಾಸಕ್ಕೆ ಸೇರಿಸುವ ಆಸೆ ಇದ್ದರೆ, ಕೊಸೊವೊದಿಂದ ನೇರವಾಗಿ ಹೋಗಬೇಡಿ. ಕೊಸೊವೊ ತನ್ನದೇ ನೆಲ ಅನ್ನುವುದು ಸರ್ಬಿಯಾದ ವಾದ. ಬೇರೆ ಕಡೆಯಿಂದ ಕೊಸೊವೊ ಹೊಕ್ಕು ಅಲ್ಲಿಂದ ಸರ್ಬಿಯಾಗೆ ಬಂದವರನ್ನು ಅಕ್ರಮವಾಗಿ ಬಂದವರು ಅಂತಲೇ ಅವರು ನೋಡುತ್ತಾರೆ.

ಹೆಜ್ಜೆ 3: ಯಾವಾಗ ಹೋಗಬೇಕು

ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಅದಕ್ಕೆ ಮುಂಚೆ ಎತ್ತರದ ಕಣಿವೆದಾರಿಗಳಲ್ಲಿ ಹಿಮ ಉಳಿದಿರುತ್ತದೆ, ಅದರ ಮೇಲೆ ಕಾಲು ಜಾರಿದರೆ ಕೆಳಗೆ ಹಿಡಿಯುವವರಿಲ್ಲ. ತಡವಾಗಿ ಹೋದರೆ ಇನ್ನೊಂದು ಕಷ್ಟ: ದೊಬರ್‌ದೋಲ್, ಮಿಲಿಶೆವ್ಸ್ ಥರದ ಜಾಗಗಳು ಊರಲ್ಲ, ಬೇಸಿಗೆಯಲ್ಲಿ ಕುರಿ ಮೇಯಿಸಲು ಹತ್ತಿ ಬರುವ ಕುಟುಂಬಗಳ ಠಿಕಾಣಿ. ಅವರು ಇಳಿದು ಹೋದ ಮೇಲೆ ನಿಮಗೆ ಊಟ ಹಾಕುವವರು ಯಾರೂ ಇರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಬೆಳಿಗ್ಗೆ ಬೇಗ ಹೊರಟು ಎರಡು ಗಂಟೆಯೊಳಗೆ ಎತ್ತರದ ಭಾಗ ದಾಟಿಬಿಡಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ಎರಡು ವಾರ. ಬಿಸಿಲು ತಗ್ಗಿರುತ್ತದೆ, ಜನವೂ ಕಡಿಮೆ.

ಹೆಜ್ಜೆ 4: ಮೈ ಪಳಗಿಸುವುದು

ದಿನಕ್ಕೆ 15ರಿಂದ 22 ಕಿ.ಮೀ, ಅದರಲ್ಲಿ ಏರು ಬಹಳಷ್ಟು ದಿನ ಸಾವಿರ ಮೀಟರ್ ಹತ್ತಿರ. ಬೆಂಗಳೂರಿನವರು ಸ್ಕಂದಗಿರಿ ಹತ್ತಿಳಿದು ‘ರೆಡಿ’ ಅಂದುಕೊಂಡರೆ ಸಾಲದು. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿ ಮರುದಿನ ಇಳಿದು, ಅದರ ಮಾರನೇ ದಿನವೂ ನಡೆಯಲು ಮನಸ್ಸು, ಮೊಣಕಾಲು ಎರಡೂ ಒಪ್ಪಿದರೆ ಇದೂ ನಿಮ್ಮಿಂದ ಆಗುತ್ತದೆ. ಕುಮಾರ ಪರ್ವತ 1,712 ಮೀಟರ್. ನಮ್ಮ ಮೊದಲ ದಿನದ ವಲ್ಬೊನಾ ಕಣಿವೆದಾರಿ 1,795 ಮೀಟರ್. ಒಂದೇ ದಿನದ ಏರು ನೋಡಿದರೆ ಕುಮಾರ ಪರ್ವತವೇ ಜಾಸ್ತಿ. ವ್ಯತ್ಯಾಸ ಏನಪ್ಪಾ ಅಂದರೆ ಇಲ್ಲಿ ಅದನ್ನು ದಿನವೂ ಮಾಡಬೇಕು. ಮೂರು ತಿಂಗಳು ಮುಂಚಿನಿಂದ ವಾರದಲ್ಲಿ ನಾಲ್ಕು ದಿನ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿ, ಮುಖ್ಯವಾಗಿ ಇಳಿಯಿರಿ. ಮೊಣಕಾಲು ಕೈ ಕೊಡುವುದು ಇಳಿಯುವಾಗ.

ಹೆಜ್ಜೆ 5: ತಲುಪುವುದು

ಇಸ್ತಾಂಬುಲ್ ಅಥವಾ ದುಬೈ ಮೇಲೆ ತಿರಾನಾಗೆ ಹೋದರೆ ಷೆಂಗೆನ್ ನೆಲ ಮುಟ್ಟುವ ಪ್ರಮೇಯವೇ ಇಲ್ಲ. ತಿರಾನಾದಿಂದ ಶ್ಕೋಡರ್‌ಗೆ ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ. ಇದು ಚಂದದ ಹಳೇ ಊರು, ಎಲ್ಲರೂ ಸೈಕಲ್ ಮೇಲೇ ಓಡಾಡುತ್ತಾರೆ. ಇಲ್ಲಿ ಒಂದು ರಾತ್ರಿ ಉಳಿಯಿರಿ. ದೊಡ್ಡ ಸೂಟ್‌ಕೇಸ್ ಇದ್ದರೆ ಉಳಿದ ಹೋಟೆಲಿನಲ್ಲೇ ಬಿಟ್ಟು ಹೋಗಬಹುದು, ಕೇಳಿದರೆ ಇಟ್ಟುಕೊಳ್ಳುತ್ತಾರೆ. ನಗದು ತೆಗೆಯಿರಿ. ಸಿಮ್ ತೆಗೆದುಕೊಳ್ಳಿ. 2021ರ ಜುಲೈಯಿಂದ ಪಶ್ಚಿಮ ಬಾಲ್ಕನ್ ದೇಶಗಳ ನಡುವೆ ರೋಮಿಂಗ್ ಶುಲ್ಕ ತೆಗೆದುಹಾಕಿದ್ದಾರೆ, ಅಲ್ಬೇನಿಯಾ ಸಿಮ್ ಉಳಿದ ಎರಡು ದೇಶದಲ್ಲೂ ಕೆಲಸಕ್ಕೆ ಬರುತ್ತದೆ. ನೀವು ತೆಗೆದುಕೊಳ್ಳುವ ಪ್ಯಾಕಿನಲ್ಲಿ ಅದು ಸೇರಿದೆಯಾ ಅಂತ ಅಂಗಡಿಯಲ್ಲೇ ಕೇಳಿಕೊಳ್ಳಿ.

ಶ್ಕೋಡರ್‌ನಿಂದ ಥೆಥ್ ಹಳ್ಳಿಗೆ ಬೆಳಿಗ್ಗೆ ಮಿನಿಬಸ್ಸುಗಳಿವೆ, ಅಲ್ಲಿಯವರು ಫುರ್ಗೋನ್ ಅನ್ನುತ್ತಾರೆ. ಹಿಂದೆ ಜೀಪಿನಲ್ಲಿ ಬೆನ್ನು ಮುರಿದುಕೊಂಡು ಹೋಗುವ ದಾರಿಯಾಗಿತ್ತು, ಈಗ ಟಾರು ಬಿದ್ದಿದೆ. ಆದರೂ ಆ ತಿರುವುಗಳು ಆಗುಂಬೆ ಘಾಟಿಯನ್ನೇ ನೆನಪಿಸುತ್ತವೆ. ಬಸ್ಸಿನಲ್ಲಿ ವಾಂತಿ ಬರುವವರು ಮಾತ್ರೆ ನುಂಗಿಯೇ ಹತ್ತಿ.

ಹೆಜ್ಜೆ 6: ಥೆಥ್‌ನಿಂದಲೇ ಶುರು ಮಾಡಿ

ಸುತ್ತನ್ನು ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಪ್ಲಾವ್‌ನಿಂದ, ಪೇಯಾದಿಂದ ಶುರು ಮಾಡುವವರೂ ಇದ್ದಾರೆ. ನಾನು ಥೆಥ್ ಅನ್ನುವುದಕ್ಕೆ ಕಾರಣ ಇದು: ಮೊದಲ ದಿನವೇ ಪರೀಕ್ಷೆ ಆಗಿಹೋಗುತ್ತದೆ. ಥೆಥ್‌ನಿಂದ ವಲ್ಬೊನಾ ಸುಮಾರು 17 ಕಿ.ಮೀ, ಆರರಿಂದ ಎಂಟು ಗಂಟೆ. ಸಾವಿರ ಮೀಟರ್ ಏರು, ಅಷ್ಟೇ ಇಳಿಜಾರು. ಇಡೀ ಸುತ್ತಿನಲ್ಲಿ ಅತಿ ಹೆಚ್ಚು ಜನ ನಡೆಯುವ ದಾರಿ ಇದೇ, ನಡುವೆ ಬೇಸಿಗೆಯಲ್ಲಿ ಕಾಫಿ ಗುಡಿಸಲುಗಳೂ ಇರುತ್ತವೆ. ಮೈ ಒಪ್ಪಲಿಲ್ಲ ಅಂದರೆ ವಲ್ಬೊನಾದಲ್ಲೇ ನಿಲ್ಲಿಸಿ, ಮರುದಿನ ಫಿಯರ್ಜಾದಿಂದ ಕೊಮಾನ್‌ವರೆಗೆ ಜಲಾಶಯದ ದೋಣಿ ಹತ್ತಿ ಶ್ಕೋಡರ್ ಸೇರಬಹುದು. ದ್ರಿನ್ ನದಿಗೆ ಅಣೆಕಟ್ಟು ಕಟ್ಟಿ ಆದ ಜಲಾಶಯ ಅದು, ಎರಡೂ ಕಡೆ ಕಡಿದಾದ ಬಂಡೆಗಳ ನಡುವೆ ಎರಡು ಮೂರು ಗಂಟೆ ಪಯಣ. ಸೋತು ವಾಪಸ್ ಹೋಗುವ ದಾರಿ ಇಷ್ಟು ಚಂದ ಇರುವುದು ಅಪರೂಪ ಬಿಡಿ.

ಮುಂದೆಯೂ ಹೀಗೇ. ಪೇಯಾದಲ್ಲಿ ಒಂದು ಬಾಗಿಲು, ಪ್ಲಾವ್‌ನಲ್ಲಿ ಇನ್ನೊಂದು. ಅಲ್ಲಿಂದ ಬಸ್ಸು, ಟ್ಯಾಕ್ಸಿ ಸಿಗುತ್ತವೆ. ಅವುಗಳ ನಡುವಿನ ಜಾಗದಲ್ಲಿ ಕಾಲು ಉಳುಕಿದರೆ ಮಾತ್ರ ಕಷ್ಟ.

ದಾರಿ, ದಿನ ದಿನಕ್ಕೆ

ಹಿಂದಿನ ಸಂಜೆಯೇ ಥೆಥ್ ತಲುಪಿದ್ದರೆ ಹಳ್ಳಿಯ ಪುಟ್ಟ ಚರ್ಚ್, ಅದರಾಚೆ ಕಲ್ಲಿನ ಗೋಪುರ ನೋಡಿ ಬನ್ನಿ. ಗೋಪುರ ಕುಲವೈರದ ಕಾಲದ್ದು. ಒಂದು ಕೊಲೆಗೆ ಇನ್ನೊಂದು ಕೊಲೆ ಅನ್ನುವ ಲೆಕ್ಕ ತೀರುವವರೆಗೆ ಆ ಮನೆಯ ಗಂಡಸರು ಇದರೊಳಗೆ ಅಡಗಿ ಕೂರುತ್ತಿದ್ದರು. ಕಿಟಕಿಗಳು ಬಂದೂಕಿನ ನಳಿಗೆ ತೂರುವಷ್ಟೇ ಅಗಲ. ಇದೇ ಬೆಟ್ಟದ ಕಾನೂನ್ ಅನ್ನುವ ಕಟ್ಟುಪಾಡು ಇನ್ನೊಂದನ್ನೂ ಹೇಳುತ್ತದೆ: ಮನೆ ದೇವರದು ಮತ್ತು ಅತಿಥಿಯದು. ವೈರಿಯೇ ಬಾಗಿಲಿಗೆ ಬಂದರೂ ಊಟ ಹಾಕಬೇಕು, ಕಾಯಬೇಕು. ಗೆಸ್ಟ್‌ಹೌಸ್‌ಗಳಲ್ಲಿ ತಟ್ಟೆ ಖಾಲಿಯಾದ ಕೂಡಲೇ ಬಡಿಸುತ್ತಾ ಹೋಗುವುದು ಯಾಕೆ ಅಂತ ಆಗ ತಿಳಿಯುತ್ತದೆ.

ಮೊದಲ ದಿನ ಬೀಚ್ ಮರಗಳ ನೆರಳಲ್ಲಿ ಏರು. ಮೇಲೆ ಹೋದಂತೆ ಮರ ಮುಗಿದು ಬರೀ ಸುಣ್ಣದ ಬಂಡೆ. ಆಚೆ ಬದಿ ಇಳಿದು ರಗಾಮ್ ಹಳ್ಳಿ ದಾಟಿದ ಮೇಲೆ ಒಣಗಿದ ನದಿಪಾತ್ರದ ಬಿಳೀ ಕಲ್ಲುಗಳ ಮೇಲೆ ನಡೆಯಬೇಕು. ಬಿಸಿಲಿಗೆ ಕಣ್ಣು ಕೋರೈಸುತ್ತದೆ, ಕಾಲು ಹೊರಳುತ್ತದೆ, ಸಾಕಪ್ಪಾ ಅನಿಸುವುದು ಇಲ್ಲೇ.

ಎರಡನೇ ದಿನ ವಲ್ಬೊನಾದಿಂದ ಚೆರೆಮ್, ಮೂರನೇ ದಿನ ಚೆರೆಮ್‌ನಿಂದ ದೊಬರ್‌ದೋಲ್. ಇಲ್ಲಿಂದ ಜನಸಂದಣಿ ಕರಗುತ್ತದೆ. ದೊಬರ್‌ದೋಲ್ ಸುಮಾರು 1,800 ಮೀಟರ್ ಎತ್ತರದ ಹುಲ್ಲುಗಾವಲು. ಕಲ್ಲು, ಮರ, ತಗಡಿನ ಗುಡಿಸಲುಗಳು. ರಾತ್ರಿ ಒಲೆ ಸುತ್ತ ಎಲ್ಲರೂ ಕೂರುತ್ತಾರೆ. ಫ್ಲೀಯ ಮಾಡುವ ದಿನವಾದರೆ ನಿಮ್ಮ ಅದೃಷ್ಟ. ಅಗಲವಾದ ತಟ್ಟೆಗೆ ಹಿಟ್ಟನ್ನು ಚಕ್ರದ ಕಡ್ಡಿಗಳ ಥರ ಗೆರೆ ಗೆರೆಯಾಗಿ ಹೊಯ್ಯುತ್ತಾರೆ, ಮೇಲೆ ಬೆಂಕಿಯಲ್ಲಿ ಕಾಯಿಸಿದ ಕಬ್ಬಿಣದ ಮುಚ್ಚಳ ಇಡುತ್ತಾರೆ. ಬೆಂದ ಮೇಲೆ ಕೆನೆ ಸವರಿ, ಖಾಲಿ ಬಿಟ್ಟ ಜಾಗಕ್ಕೆ ಮತ್ತೆ ಹಿಟ್ಟು, ಮತ್ತೆ ಮುಚ್ಚಳ. ಹೀಗೆ ಪದರದ ಮೇಲೆ ಪದರ, ಗಂಟೆಗಟ್ಟಲೆ. ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ ಮುಚ್ಚಳವನ್ನು ಕೊಕ್ಕೆಯಿಂದ ಎತ್ತಿ ಇಳಿಸುವ ಹೆಂಗಸಿನ ಕೈ ಒಂದು ಸಲವೂ ತಡವರಿಸುವುದಿಲ್ಲ. ಮೊಸರು, ಜೇನಿನ ಜೊತೆ ತಿನ್ನಬೇಕು.

ನಾಲ್ಕನೇ ದಿನ ಉದ್ದ. ದೊಬರ್‌ದೋಲ್‌ನಿಂದ ಕೊಸೊವೊದ ಮಿಲಿಶೆವ್ಸ್‌ವರೆಗೆ ಎಂಟು ಒಂಬತ್ತು ಗಂಟೆ. ಬೇಗ ಹೊರಟರೆ ಮೂರು ದೇಶಗಳ ಗಡಿ ಸೇರುವ ತ್ರೆಕುಫಿರಿ ನೆತ್ತಿಯನ್ನೂ ಹತ್ತಬಹುದು, 2,366 ಮೀಟರ್. 1999ರ ಯುದ್ಧದಲ್ಲಿ ಕೊಸೊವೊ ಗಡಿಯುದ್ದಕ್ಕೂ ನೆಲಬಾಂಬ್ ಹೂತಿದ್ದರು. ನಡೆಯುವ ದಾರಿ ಸುರಕ್ಷಿತ, ಆದರೆ ಇಲ್ಲಿ ಅಡ್ಡದಾರಿ ಹಿಡಿಯುವ ಚಟ ಬೇಡ.

ಐದನೇ ದಿನ ರೆಕಾ ಎ ಅಲಾಗಸ್. ಅಲ್ಲಿಂದ ಟ್ಯಾಕ್ಸಿ ಹೇಳಿ ರುಗೊವಾ ಕಮರಿ ಇಳಿದು ಪೇಯಾ ಪಟ್ಟಣಕ್ಕೆ ಹೋಗಿ ಒಂದು ದಿನ ವಿಶ್ರಾಂತಿ ತೆಗೆದುಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ಬಟ್ಟೆ ಒಗೆಸಬಹುದು, ಎಟಿಎಂ ಇದೆ, ಔಷಧಿ ಅಂಗಡಿ ಇದೆ. ಊರಾಚೆ ಯುನೆಸ್ಕೊ ಪಟ್ಟಿಯಲ್ಲಿರುವ ಮಧ್ಯಯುಗದ ಸರ್ಬಿಯನ್ ಮಠ ಇದೆ, ಕೆಂಪು ಬಣ್ಣ, ಒಳಗೆ ಗೋಡೆ ತುಂಬ ಹಳೇ ಚಿತ್ರಗಳು. ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳಬಹುದು, ಜೊತೆಗಿರಲಿ.

ಆಮೇಲೆ ದ್ರೆಲಾಯ್. ಶಕ್ತಿ ಇದ್ದವರು ದಾರಿಯಲ್ಲಿ ಹೈಲಾ ಶಿಖರವನ್ನೂ ಸೇರಿಸಿಕೊಳ್ಳುತ್ತಾರೆ, 2,403 ಮೀಟರ್. ದ್ರೆಲಾಯ್‌ನಿಂದ ಮಾಂಟೆನೆಗ್ರೊದ ಬಾಬಿನೊ ಪೊಲ್ಯೆಗೆ ಒಂದೇ ದಿನದಲ್ಲಿ ಹೋಗುವವರಿದ್ದಾರೆ, ನಾನಾದರೆ ಕುಚಿಶ್ತದಲ್ಲಿ ರಾತ್ರಿ ಉಳಿದು ಎರಡು ಮಾಡುತ್ತೇನೆ. ಮೇಲಿನ ಕೆರೆಗಳ ದಂಡೆಯಲ್ಲಿ ಓಡುತ್ತಾ ಹೋಗುವುದು ಅನ್ಯಾಯ. ಬಾಬಿನೊ ಪೊಲ್ಯೆಯಿಂದ ಪ್ಲಾವ್‌ಗೆ ಹೋಗುವಾಗ ಹ್ರಿಡ್ ಕೆರೆ ಸಿಗುತ್ತದೆ. 1,970 ಮೀಟರ್ ಎತ್ತರದಲ್ಲಿ ಪೈನ್ ಮರಗಳ ನಡುವೆ ಕಪ್ಪು ಹಸಿರು ನೀರು. ಸ್ನಾನ ಮಾಡುತ್ತೇನೆ ಅಂತ ಇಳಿದವರು ಬಹಳ ಹೊತ್ತು ಇರುವುದಿಲ್ಲ, ಅಷ್ಟು ತಣ್ಣಗಿರುತ್ತದೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ಇಳಿಜಾರಿನ ತುಂಬ ಕಾಡು ಬ್ಲೂಬೆರಿ. ಪ್ಲಾವ್ ಊರೇ ಬ್ಲೂಬೆರಿಗೆ ಹೆಸರುವಾಸಿ, ರಸ್ತೆ ಬದಿ ಜ್ಯೂಸ್ ಬಾಟಲಿ ಇಟ್ಟು ಮಾರುತ್ತಾರೆ.

ಪ್ಲಾವ್‌ನಿಂದ ವುಸಾನ್ಯೆ ಹಂತ ಉದ್ದ, ನೀರು ಕಡಿಮೆ. ಬೈಯುವವರು ಬೈಯಲಿ, ಇದನ್ನು ಟ್ಯಾಕ್ಸಿಯಲ್ಲಿ ದಾಟಿ. ಉಳಿಸಿದ ದಿನವನ್ನು ಗುಸಿನ್ಯೆ ಪಕ್ಕದ ಗ್ರೆಬಾಯೆ ಕಣಿವೆಗೆ ಕೊಡಿ. ಅಲ್ಲಿ ವೊಲುಶ್ನಿತ್ಸಾ ಗುಡ್ಡ ಹತ್ತಿದರೆ ಎದುರಿಗೆ ಕರಾನ್‌ಫಿಲಿ ಶಿಖರಗಳ ಸಾಲು. ಇಡೀ ಪ್ರವಾಸದಲ್ಲಿ ಇದನ್ನು ಮೀರಿಸುವ ನೋಟ ನನಗೆ ಕಾಣಲಿಲ್ಲ, ಆದರೆ ಇದು ಮೂಲ ದಾರಿಯಲ್ಲೇ ಇಲ್ಲ!

ಕೊನೇ ದಿನ ವುಸಾನ್ಯೆಯಿಂದ ಥೆಥ್. ವುಸಾನ್ಯೆ ಮಾಂಟೆನೆಗ್ರೊದಲ್ಲಿದ್ದರೂ ಜನರ ಮಾತು ಅಲ್ಬೇನಿಯನ್. ರೊಪೊಯಾನಾ ಕಣಿವೆಯ ಉದ್ದಕ್ಕೂ ಸಮತಟ್ಟು ನಡಿಗೆ. ದಾರಿಯಲ್ಲಿ ಸಿಗುವ ಕೆರೆ ಬೇಸಿಗೆ ಕೊನೆಗೆ ಬತ್ತಿರುತ್ತದೆ, ಅದನ್ನು ನಂಬಿ ಬಾಟಲಿ ಖಾಲಿ ಮಾಡಬೇಡಿ. ಗಡಿ ದಾಟಿದ ಮೇಲೆ ಅಣಬೆ ಆಕಾರದ ಕಾಂಕ್ರೀಟ್ ಬಂಕರ್‌ಗಳು ಕಾಣುತ್ತವೆ. ಅಲ್ಬೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾ ಆಳ್ವಿಕೆಯಲ್ಲಿ ಕಟ್ಟಿಸಿದ್ದು. ಆಗ ಈ ಗಡಿಯ ಹತ್ತಿರ ಸುಳಿದರೆ ಗುಂಡು ಬೀಳುತ್ತಿತ್ತು. ಪೇಯಾ ಕಣಿವೆಬಾಯಿಯಿಂದ (ಕೊಸೊವೊದ ಪೇಯಾ ಊರಲ್ಲ, ಇಲ್ಲಿನ ಕಣಿವೆದಾರಿಯ ಹೆಸರು) ಥೆಥ್ ಕಡೆಗೆ ಇಳಿಜಾರು ಬಹಳ ಕಡಿದು, ಊರುಗೋಲು ಇಲ್ಲಿ ಬೇಕೇ ಬೇಕು.

ಹೆಜ್ಜೆ 7: ಬ್ಯಾಗಿನಲ್ಲಿ ಏನಿರಬೇಕು

ಒಟ್ಟು ಎಂಟು ಕಿಲೋ ಮೀರದಿರಲಿ. ಪಳಗಿಸಿದ ಬೂಟು (ಹೊಸದು ಹಾಕಿಕೊಂಡು ಹೋದರೆ ಎರಡನೇ ದಿನಕ್ಕೇ ಬೊಬ್ಬೆ), ಎರಡು ಊರುಗೋಲು, ಒಳ್ಳೇ ಮಳೆ ಕೋಟು, ಒಂದು ಬೆಚ್ಚನೆ ಜಾಕೆಟ್, ಎರಡು ಜೊತೆ ಬಟ್ಟೆ, ಮೂರು ಜೊತೆ ಉಲ್ಲನ್ ಸಾಕ್ಸ್, ಹೆಡ್‌ಲ್ಯಾಂಪ್, ಪವರ್ ಬ್ಯಾಂಕ್, ಮೂರು ಲೀಟರ್ ನೀರು ಹಿಡಿಯುವ ಬಾಟಲಿಗಳು, ನೀರು ಶುದ್ಧಿ ಮಾಡುವ ಮಾತ್ರೆ. ಮನೆಯೊಳಗೆ ಬೂಟು ಹಾಕಿಕೊಂಡು ಹೋಗುವಂತಿಲ್ಲ, ನಮ್ಮಲ್ಲಿಯ ಹಾಗೇ, ಹಾಗಾಗಿ ಒಂದು ಹಗುರ ಚಪ್ಪಲಿ. ಹಾಸಿಗೆ, ಹೊದಿಕೆ ಎಲ್ಲ ಕಡೆ ಕೊಡುತ್ತಾರೆ. ಮೊಬೈಲ್ ಚಾರ್ಜರಿನ ಎರಡು ಪಿನ್ ಅಲ್ಲಿಯ ಸಾಕೆಟ್ಟಿಗೆ ಹೊಂದುತ್ತದೆ, ಮೂರು ಪಿನ್ ಹೊಂದುವುದಿಲ್ಲ.

ದಾರಿ ತೋರಿಸಲು ಬಂಡೆ, ಮರದ ಮೇಲೆ ಕೆಂಪು ಬಿಳಿ ಬಣ್ಣದ ಗುರುತುಗಳಿವೆ. ಹುಲ್ಲುಗಾವಲಿನಲ್ಲಿ ಮರವೂ ಇಲ್ಲ, ಬಂಡೆಯೂ ಇಲ್ಲ, ಮಂಜು ಬಂದರೆ ಏನೂ ಕಾಣದು. ದಾರಿಯ ಜಿಪಿಎಕ್ಸ್ ಫೈಲ್ (ನಕ್ಷೆಯ ಆ್ಯಪ್ ಮೇಲೆ ದಾರಿಯ ಗೆರೆ ತೋರಿಸುವುದು), ಆಫ್‌ಲೈನ್ ನಕ್ಷೆ ಫೋನಿನಲ್ಲಿ ಇರಲೇಬೇಕು. ಇನ್ಶೂರೆನ್ಸ್ ಮಾಡಿಸುವಾಗ 3,000 ಮೀಟರ್‌ವರೆಗಿನ ಟ್ರೆಕ್ಕಿಂಗ್ ಸೇರಿದೆ ಅಂತ ಬರಹದಲ್ಲಿ ಇದೆಯಾ ನೋಡಿ. ತುರ್ತು ನಂಬರ್ 112.

ಹೆಜ್ಜೆ 8: ಸಸ್ಯಾಹಾರಿಗಳ ಪಾಡು

ಹೆದರಬೇಡಿ, ಹಸಿವಿನಿಂದ ಯಾರೂ ಮಲಗುವುದಿಲ್ಲ. ಬೆಳಿಗ್ಗೆ ಬ್ರೆಡ್, ಚೀಸ್, ಜೇನು, ಟೊಮೆಟೊ, ಮೊಟ್ಟೆ. ರಾತ್ರಿ ಹುರುಳಿಕಾಯಿ ಬೀಜದ ಸಾರು, ಅದಕ್ಕೆ ಫಸುಲೆ ಅನ್ನುತ್ತಾರೆ, ಜೊತೆಗೆ ಪಾಲಕ್ ಅಥವಾ ಚೀಸ್ ತುಂಬಿದ ಬ್ಯುರೆಕ್, ಉಪ್ಪಿನಕಾಯಿ, ಮೊಸರು, ಆಲೂಗಡ್ಡೆ. ಮಾಂಟೆನೆಗ್ರೊ ಕಡೆ ಕಚಮಾಕ್ ಸಿಗುತ್ತದೆ, ಮೆಕ್ಕೆಜೋಳದ ಹಿಟ್ಟು, ಆಲೂಗಡ್ಡೆ ಸೇರಿಸಿ ಮರದ ಕೋಲಿನಿಂದ ಕಡೆದು ಮಾಡುವುದು. ನೋಡಲು ಬಿಳೀ ಮುದ್ದೆ, ಆದರೆ ನುಂಗಲು ಹೋಗಬೇಡಿ, ಚೀಸಿನ ಜಿಗುಟು ಗಂಟಲಲ್ಲೇ ನಿಲ್ಲುತ್ತದೆ.

ಫಸುಲೆಗೆ ಒಮ್ಮೊಮ್ಮೆ ಮಾಂಸದ ತುಂಡು ಹಾಕಿ ಬೇಯಿಸುತ್ತಾರೆ. ರೂಮ್ ಬುಕ್ ಮಾಡುವಾಗಲೇ ತಿಳಿಸಿ. ಅಲ್ಬೇನಿಯನ್‌ನಲ್ಲಿ ‘ನುಕ್ ಹಾ ಮಿಶ್’, ಮಾಂಟೆನೆಗ್ರೊದಲ್ಲಿ ‘ನೆ ಯೆಡೆಮ್ ಮೆಸೊ’. ಎರಡೂ ‘ಮಾಂಸ ತಿನ್ನುವುದಿಲ್ಲ’ ಅಂತಲೇ. ಹಳ್ಳಿಯ ಹಿರಿಯರು ಹೌದು ಅನ್ನಲು ತಲೆ ಅಡ್ಡಡ್ಡ ಆಡಿಸಬಹುದು, ಬಾಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಖಾರ ಅನ್ನುವುದು ಸಿಗುವುದಿಲ್ಲ. ಶೇಂಗಾ ಚಟ್ನಿ ಪುಡಿ ಕಾಲು ಕಿಲೋ ಒಯ್ದರೆ ಬ್ರೆಡ್ಡಿಗೂ ಮೊಸರಿಗೂ ಆಗುತ್ತದೆ. ಮನೆಯವರಿಗೂ ರುಚಿ ತೋರಿಸಿ, ಆದರೆ ಪಕ್ಕದಲ್ಲಿ ನೀರಿನ ಲೋಟ ಇರಲಿ. ಬಂದ ಕೂಡಲೇ ರಾಕಿಯಾ ಕೊಡುತ್ತಾರೆ, ಮನೆಯಲ್ಲೇ ಇಳಿಸಿದ ಹಣ್ಣಿನ ಸಾರಾಯಿ. ಕುಡಿಯದವರು ಎದೆಯ ಮೇಲೆ ಕೈ ಇಟ್ಟು ನಕ್ಕು ಬೇಡ ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬೆಟ್ಟದ ಗಿಡಮೂಲಿಕೆ ಚಹಾ ಬರುತ್ತದೆ.

ಹೆಜ್ಜೆ 9: ನಾಯಿ, ಹಾವು, ಸಿಡಿಲು

ಕರಡಿ, ತೋಳ ಈ ಬೆಟ್ಟದಲ್ಲಿವೆ, ನಿಮಗೆ ಕಾಣುವುದು ಕಷ್ಟ. ನಿಜವಾದ ಭಯ ಕುರಿ ಕಾಯುವ ನಾಯಿಗಳದ್ದು. ದೊಡ್ಡ ಗಾತ್ರ, ದಪ್ಪ ರೋಮ, ತೋಳವನ್ನೇ ಎದುರಿಸಲು ಬೆಳೆಸಿದ ಜಾತಿ. ಮಂದೆ ಕಂಡ ಕೂಡಲೇ ನಿಂತು ಕುರುಬನನ್ನು ಹುಡುಕಿ, ಕೂಗಿ ಕರೆಯಿರಿ. ಅವನು ಸಿಳ್ಳೆ ಹಾಕಿದರೆ ನಾಯಿ ಹಿಂದಾಗುತ್ತದೆ. ಮಂದೆಯ ನಡುವೆ ನುಗ್ಗಬೇಡಿ, ದೊಡ್ಡ ಸುತ್ತು ಹಾಕಿ. ನಾಯಿ ಬೊಗಳುತ್ತಾ ಬಂದರೆ ಓಡಬೇಡಿ, ಕೋಲು ಎತ್ತಿ ಬೀಸಬೇಡಿ, ನಿಮ್ಮ ಮತ್ತು ಅದರ ನಡುವೆ ಕೋಲು ತಗ್ಗಿಸಿ ಹಿಡಿದು ನಿಧಾನವಾಗಿ ಹಿಂದೆ ಸರಿಯಿರಿ. ಅದಕ್ಕೂ ಜಗ್ಗದಿದ್ದರೆ ಕಲ್ಲು ಹೆಕ್ಕುವವರಂತೆ ಬಗ್ಗಿ, ಆ ಭಾಷೆ ಎಲ್ಲ ದೇಶದ ನಾಯಿಗೂ ಗೊತ್ತು.

ಬಿಸಿ ಬಂಡೆಗಳ ಮೇಲೆ ವಿಷದ ಹಾವು ಮಲಗಿರಬಹುದು, ಮೂಗಿನ ತುದಿಯಲ್ಲಿ ಪುಟ್ಟ ಕೊಂಬು ಇರುವ ಮಂಡಲದ ಜಾತಿ. ನೋಡದೆ ಬಂಡೆ ಸಂದಿಗೆ ಕೈ ಹಾಕಬೇಡಿ. ಗುಡುಗು ಕೇಳಿದರೆ ಏಣು ಬಿಟ್ಟು ಕೆಳಗಿಳಿಯಿರಿ, ಒಂಟಿ ಮರದ ಬುಡಕ್ಕೆ ಹೋಗಬೇಡಿ.

ಹೆಜ್ಜೆ 10: ದುಡ್ಡು

ಅಲ್ಬೇನಿಯಾದಲ್ಲಿ ಲೆಕ್, ಉಳಿದ ಎರಡರಲ್ಲಿ ಯೂರೋ. ಬೆಟ್ಟದ ಗೆಸ್ಟ್‌ಹೌಸ್‌ಗಳು ಅಲ್ಬೇನಿಯಾದಲ್ಲೂ ಯೂರೋ ತೆಗೆದುಕೊಳ್ಳುತ್ತವೆ, ಆದರೆ ಕಾರ್ಡ್ ನಡೆಯುವುದಿಲ್ಲ ಅಂತಲೇ ಲೆಕ್ಕ ಹಾಕಿ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಒಬ್ಬರಿಗೆ ಸುಮಾರು 30ರಿಂದ 45 ಯೂರೋ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಸಿಕೊಂಡರೆ ಸ್ವಲ್ಪ ಜಾಸ್ತಿ. ಟ್ಯಾಕ್ಸಿ, ಮಿನಿಬಸ್ ಸೇರಿಸಿ ನೆಲದ ಮೇಲಿನ ಖರ್ಚು 600 ಯೂರೋ ಒಳಗೆ ಮುಗಿಯಬಹುದು. ವಿಮಾನ, ವೀಸಾ, ಪರ್ಮಿಟ್ ಬೇರೆ. ಹತ್ತು, ಇಪ್ಪತ್ತರ ನೋಟುಗಳೇ ಜಾಸ್ತಿ ಇರಲಿ. ಗುಡಿಸಲಿನಲ್ಲಿ ನೂರರ ನೋಟು ಕೊಟ್ಟರೆ ಚಿಲ್ಲರೆಗಾಗಿ ಅವರು ಇಡೀ ಊರು ಸುತ್ತಬೇಕಾಗುತ್ತದೆ.

ಹತ್ತು ದಿನ ಇಲ್ಲದವರಿಗೆ, ಕೊಸೊವೊ ವೀಸಾ ಆಗದವರಿಗೆ

ಅಲ್ಬೇನಿಯಾ, ಮಾಂಟೆನೆಗ್ರೊ ಎರಡನ್ನೇ ಮಾಡಿ. ಶ್ಕೋಡರ್‌ನಿಂದ ಬೆಳಿಗ್ಗೆ ಕತ್ತಲಿರುವಾಗಲೇ ಹೊರಟು ಕೊಮಾನ್ ದೋಣಿ ಹಿಡಿದು ವಲ್ಬೊನಾ ಸೇರಿ. ಮರುದಿನ ಕಣಿವೆ ದಾಟಿ ಥೆಥ್. ಒಂದು ದಿನ ಥೆಥ್‌ನಲ್ಲೇ ಸುತ್ತಾಡಿ, ಮರುದಿನ ವುಸಾನ್ಯೆಗೆ ನಡೆಯಿರಿ, ಈ ಗಡಿಗೂ ಪರ್ಮಿಟ್ ಬೇಕು. ಗುಸಿನ್ಯೆಯಲ್ಲಿ ಎರಡು ರಾತ್ರಿ ಉಳಿದು, ನಡೆದ ದಾರಿಯಲ್ಲೇ ಥೆಥ್‌ಗೆ ವಾಪಸ್ ಬನ್ನಿ. ಒಂದು ವಾರದಲ್ಲಿ ಮುಗಿಯುತ್ತದೆ, ಒಳ್ಳೇ ನೋಟಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದರಲ್ಲೇ ಬಂತು.

ಥೆಥ್‌ನಿಂದ ಶ್ಕೋಡರ್‌ಗೆ ವಾಪಸ್ ಮಿನಿಬಸ್ ಸೀಟನ್ನು ಹಿಂದಿನ ರಾತ್ರಿಯೇ ಗೆಸ್ಟ್‌ಹೌಸ್‌ನವರಿಗೆ ಹೇಳಿ ಕಾದಿರಿಸಿ. ವಿಮಾನಕ್ಕೂ ನಡಿಗೆ ಮುಗಿಯುವ ದಿನಕ್ಕೂ ನಡುವೆ ಒಂದು ಖಾಲಿ ದಿನ ಬಿಡಿ, ಮಳೆಗೆ ಒಂದು ಹಂತ ನಿಂತುಹೋದರೆ ಅದೇ ಕಾಪಾಡುತ್ತದೆ. ಉಳಿದ ಲೆಕ್ ನೋಟುಗಳನ್ನು ತಿರಾನಾ ಬಿಡುವ ಮುಂಚೆಯೇ ಖರ್ಚು ಮಾಡಿ ಅಥವಾ ಯೂರೋಗೆ ಬದಲಾಯಿಸಿ. ಬೆಂಗಳೂರಿನಲ್ಲಿ ಅದನ್ನು ತೆಗೆದುಕೊಳ್ಳುವವರನ್ನು ಹುಡುಕುವುದು ಕಷ್ಟ.